ರೋಪ್‌ಫಿಶ್: ಮೊದಲು ಮುಚ್ಚಳ, ಆಮೇಲೆ ಮೀನು

ಪಿವಿಸಿ ಪೈಪಿನ ಬಾಯಿಂದ ಮೊದಲು ಹೊರಬರುವುದು ಎರಡು ಪುಟ್ಟ ಕೊಳವೆಗಳು. ಅವು ಮೂಗಿನ ಹೊಳ್ಳೆಗಳು. ಅವುಗಳ ಹಿಂದೆ ಬೆರಳಿನಷ್ಟೇ ಅಗಲದ ಚಪ್ಪಟೆ ತಲೆ, ತಲೆಯ ಹಿಂದೆ ಬುಡದಲ್ಲಿ ಕಪ್ಪು ಮಚ್ಚೆಯಿರುವ ಎರಡು ಚಿಕ್ಕ ಬೀಸಣಿಗೆ ರೆಕ್ಕೆಗಳು, ಆಮೇಲೆ ಮುಗಿಯುವುದೇ ಇಲ್ಲವೇನೋ ಎಂಬಂತೆ ಜಾರಿಕೊಂಡು ಬರುವ ಆಲಿವ್ ಬಣ್ಣದ ಮೈ. ಮೀನು ನೆಟ್ಟಗೆ ಮೇಲೇರಿ, ಒಂದು ಗುಟುಕು ಗಾಳಿ ತೆಗೆದುಕೊಂಡು, ಬಂದಷ್ಟೇ ಬೇಗ ಕೆಳಗಿಳಿಯುತ್ತದೆ. ಕಿವಿರಿನ ಪಕ್ಕದಿಂದ ಎರಡು ಮೂರು ಗುಳ್ಳೆ ಹೊರಬೀಳುತ್ತವೆ. ಈ ಮೀನಿನ ಸೊಗಸೆಲ್ಲ ಆ ನಡಿಗೆಯಲ್ಲಿದೆ. ಇದನ್ನು ಸಾಕುವವರ ಕಷ್ಟವೂ ಅಲ್ಲೇ, ನೀರಿನ ಮೇಲಿನ ಆ ಐದಾರು ಸೆಂ.ಮೀ. ಜಾಗದಲ್ಲಿದೆ.

ತೀರ್ಪನ್ನು ಮೊದಲೇ ಹೇಳುವುದಾದರೆ, ಮನೆಯ ಅಕ್ವೇರಿಯಂಗೆ ತರಬಹುದಾದ ಹಾವಿನಾಕಾರದ ಬೇಟೆಗಾರ ಮೀನುಗಳಲ್ಲಿ ರೋಪ್‌ಫಿಶ್‌ಗೆ ಸಮನಾದದ್ದು ಇನ್ನೊಂದಿಲ್ಲ. ಆದರೆ ಸಂದಿಯಿಲ್ಲದ ಮುಚ್ಚಳ ಸಿದ್ಧವಾಗುವ ತನಕ ಇದನ್ನು ಕೊಳ್ಳಬೇಡಿ. ನೀರಿನೊಳಗೆ ಇದು ಗಟ್ಟಿ ಮೀನು, ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಟ್ಯಾಂಕಿನ ಹೊರಗೆ, ನೆಲದ ಮೇಲೆ ಒಣಗಿ ಸಾಯುತ್ತದೆ.

ಅಂಗಡಿಯಲ್ಲಿ ರೋಪ್‌ಫಿಶ್, ರೀಡ್‌ಫಿಶ್, ಸ್ನೇಕ್‌ಫಿಶ್ ಎಂದೆಲ್ಲ ಬರೆದಿರುತ್ತಾರೆ. ವೈಜ್ಞಾನಿಕ ಹೆಸರು ಎರ್ಪೆಟೊಯ್ಕ್ತಿಸ್ ಕ್ಯಾಲಬಾರಿಕಸ್. 1865ರಲ್ಲಿ ಜಾನ್ ಅಲೆಕ್ಸಾಂಡರ್ ಸ್ಮಿತ್ ಇದನ್ನು ಮೊದಲು ವಿವರಿಸಿದರು. ಹೆಸರಿನ ಮೊದಲ ಭಾಗಕ್ಕೆ ತೆವಳುವ ಮೀನು ಎಂಬ ಅರ್ಥ, ಎರಡನೆಯದು ನೈಜೀರಿಯಾದ ಕ್ಯಾಲಬಾರ್ ಊರಿನದು. ನೋಡಲು ಹಾವುಮೀನಿನ ಹಾಗಿದ್ದರೂ ಇದು ಹಾವುಮೀನಿನ ಜಾತಿಯದಲ್ಲ, ಬಿಚಿರ್ ಎಂಬ ಆಫ್ರಿಕಾದ ಪುರಾತನ ಮೀನುಗಳ ಕುಟುಂಬದ್ದು. ಮೈಮೇಲೆ ಓರೆಯಾಗಿ ಜೋಡಿಸಿದ, ಎನಾಮಲ್‌ನಂಥ ಹೊಳಪಿನ ಗಟ್ಟಿ ಗ್ಯಾನಾಯ್ಡ್ ಹುರುಪೆ, ಬೆನ್ನಿನ ಮೇಲೆ ಒಂದೇ ರೆಕ್ಕೆಯ ಬದಲು ಬಿಡಿಬಿಡಿಯಾದ ಪುಟ್ಟ ರೆಕ್ಕೆಗಳ ಸಾಲು, ಒಳಗೆ ಜೋಡಿ ಶ್ವಾಸಕೋಶ. ಹೊಟ್ಟೆಯ ಕೆಳಗಿನ ರೆಕ್ಕೆಗಳು ಇಲ್ಲವೇ ಇಲ್ಲ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ನಿಧಾನವಾಗಿ ಹರಿಯುವ, ಜೊಂಡು ತುಂಬಿದ ನದಿಪಾತ್ರಗಳು ಇದರ ನೆಲೆ. ಹಳೆಯ ಪುಸ್ತಕಗಳು ಇದರ ಉದ್ದ 90 ಸೆಂ.ಮೀ. ಎಂದು ಹೆದರಿಸುತ್ತವೆ. ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಕಾಣುವುದು 30ರಿಂದ 40 ಸೆಂ.ಮೀ.

ಇದೇ ಆಕಾರದ ಬೇರೆ ಮೀನುಗಳ ಜೊತೆ ಹೋಲಿಸಿದರೆ ಇದರ ಬೆಲೆ ಗೊತ್ತಾಗುತ್ತದೆ. ಫೈರ್ ಈಲ್ ಬಣ್ಣದಲ್ಲಿ ಇದಕ್ಕಿಂತ ಚಂದ, ಆದರೆ ಒಂದು ಮೀಟರ್ ತನಕ ಬೆಳೆಯಬಲ್ಲದು, ಅಷ್ಟು ದೊಡ್ಡ ಟ್ಯಾಂಕ್ ಎಲ್ಲರ ಮನೆಯಲ್ಲಿ ಇರುವುದಿಲ್ಲ. ಆಫ್ರಿಕಾದ ಲಂಗ್‌ಫಿಶ್ ಜೊತೆಗಿರುವ ಮೀನುಗಳ ರೆಕ್ಕೆ, ಬಾಲ ಕಚ್ಚಿ ತೆಗೆಯುತ್ತದೆ. ಅದನ್ನು ಒಂಟಿಯಾಗಿಯೇ ಇಡಬೇಕು. ಸಿಹಿನೀರಿನ ಮೊರೇ ಎಂದು ಮಾರುವ ಮೀನಿಗೆ ದೀರ್ಘಕಾಲಕ್ಕೆ ಉಪ್ಪು ಬೆರೆತ ನೀರೇ ಬೇಕು. ರೋಪ್‌ಫಿಶ್ ತನ್ನ ಜಾತಿಯವರ ಜೊತೆ ಶಾಂತವಾಗಿರುತ್ತದೆ, ಒಂದೇ ಪೈಪಿನಲ್ಲಿ ಮೂರು ಮೀನು ಹೆಣೆದುಕೊಂಡು ಮಲಗುವುದೂ ಉಂಟು. ಒಂದನ್ನೇ ತರುವುದಕ್ಕಿಂತ ಮೂರು ತರುವುದು ಒಳ್ಳೆಯದು. ಒಂಟಿ ಮೀನು ಬಹುಪಾಲು ಅಡಗಿಕೊಂಡೇ ಇರುತ್ತದೆ.

ಟ್ಯಾಂಕ್

ಈ ಮೀನಿಗೆ ಎತ್ತರಕ್ಕಿಂತ ನೆಲದ ಅಳತೆ ಮುಖ್ಯ. 120 ಸೆಂ.ಮೀ. ಉದ್ದ, 45 ಅಗಲ, 45 ಎತ್ತರದ ಟ್ಯಾಂಕ್ ಮೂರು ಮೀನಿಗೆ ಕನಿಷ್ಠ. ಅದನ್ನು 38 ಸೆಂ.ಮೀ. ತನಕ ತುಂಬಿದರೆ ಸುಮಾರು 205 ಲೀಟರ್ ನೀರು ಹಿಡಿಯುತ್ತದೆ, ಮೇಲೆ 7 ಸೆಂ.ಮೀ. ಗಾಳಿಯ ಜಾಗ ಉಳಿಯುತ್ತದೆ. ಉದ್ದ 150 ಆದರೆ ಇನ್ನೂ ಒಳ್ಳೆಯದು. ಎತ್ತರ 60 ದಾಟಿದ ಟ್ಯಾಂಕ್ ಬೇಡ, ಪ್ರತಿ ಉಸಿರಿಗೂ ಮೀನು ಅಷ್ಟು ದೂರ ಹತ್ತಿ ಇಳಿಯಬೇಕಾಗುತ್ತದೆ.

ಆ ಗಾಳಿಯ ಜಾಗವನ್ನು ಬಿಡಲೇಬೇಕು. ಟ್ಯಾಂಕ್ ತುಂಬಿ ತುಳುಕುವಂತೆ ಕಾಣಲಿ ಎಂದು ಮುಚ್ಚಳಕ್ಕೆ ತಾಗುವ ತನಕ ನೀರು ತುಂಬಿದರೆ, ಗಾಳಿ ಸಿಗದೆ ಮೀನು ನೀರಿನಲ್ಲೇ ಮುಳುಗಿ ಸಾಯಬಹುದು. 1982ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ, 27 ಡಿಗ್ರಿ ನೀರಿನಲ್ಲಿ ಇದಕ್ಕೆ ಬೇಕಾದ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 40 ಭಾಗ ಶ್ವಾಸಕೋಶದಿಂದ, 32 ಭಾಗ ಚರ್ಮದಿಂದ, 28 ಭಾಗ ಕಿವಿರಿನಿಂದ ಬರುತ್ತದೆ. ಈ ಮೂರು ಅಂಕಿಗಳನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಚ್ಚಳ, ನೀರು, ಔಷಧಿ ಮೂರರ ಲೆಕ್ಕವೂ ಇವುಗಳಿಂದಲೇ ಹುಟ್ಟುತ್ತದೆ.

ತಳಕ್ಕೆ ನುಣುಪು ಮರಳು 3 ಸೆಂ.ಮೀ. ಸಾಕು. ಚೂಪು ಜಲ್ಲಿ ಹಾಕಿದರೆ ತೆವಳಿ ತೆವಳಿ ಹೊಟ್ಟೆಯ ಚರ್ಮ ಉಜ್ಜಿಕೊಂಡು ಕೆಂಪಾಗುತ್ತದೆ. ಅಡಗುವುದಕ್ಕೆ 40 ಅಥವಾ 50 ಮಿ.ಮೀ.ನ ಪಿವಿಸಿ ಪೈಪನ್ನು 30 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಕತ್ತರಿಸಿದ ಅಂಚನ್ನು ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಮೀನಿಗೆ ಒಂದರಂತೆ ಇಡಿ. ಎರಡೂ ಬಾಯಿ ತೆರೆದಿರಲಿ. ಮರದ ತುಂಡುಗಳಿದ್ದರೆ ಸಂತೋಷ, ಆದರೆ ತಲೆ ಸಿಕ್ಕಿಕೊಳ್ಳುವಂಥ ಸಣ್ಣ ತೂತುಗಳಿರಬಾರದು. ಮೇಲೆ ತೇಲುವ ಗಿಡಗಳನ್ನು ಅರ್ಧ ಟ್ಯಾಂಕಿಗೆ ಬಿಟ್ಟು ಬೆಳಕು ಕಡಿಮೆ ಮಾಡಿದರೆ ಹಗಲಿನಲ್ಲೂ ಮೀನು ಹೊರಗೆ ಕಾಣಿಸಿಕೊಳ್ಳುತ್ತದೆ.

ಮುಚ್ಚಳ

ಟ್ಯಾಂಕಿನ ಜೊತೆ ಸಿಗುವ ಪ್ಲಾಸ್ಟಿಕ್ ಹುಡ್ ಇದಕ್ಕೆ ಆಗುವುದಿಲ್ಲ. ಅದರ ಹಿಂಬದಿಯಲ್ಲಿ ಪೈಪು, ವೈರಿಗೆಂದು ಉದ್ದಕ್ಕೂ ಸಂದಿ ಬಿಟ್ಟಿರುತ್ತಾರೆ. ಬೇರೆ ಮೀನು ಹಾರಿ ತಪ್ಪಿಸಿಕೊಳ್ಳುತ್ತದೆ, ಸಂದಿಗೆ ಸರಿಯಾಗಿ ಹಾರಿದರೆ ಮಾತ್ರ ಹೊರಬೀಳುತ್ತದೆ. ರೋಪ್‌ಫಿಶ್ ಹಾರುವುದಿಲ್ಲ. ಅದು ರಾತ್ರಿಯೆಲ್ಲ ಅಂಚಿನುದ್ದಕ್ಕೂ ಮೂತಿಯಿಂದ ತಡಕುತ್ತ ಸಂದಿಯನ್ನು ಹುಡುಕುತ್ತದೆ, ಸಿಕ್ಕಲ್ಲಿ ತಲೆ ತೂರಿಸುತ್ತದೆ, ಫಿಲ್ಟರ್ ಪೈಪಿಗೋ ಹೀಟರ್ ವೈರಿಗೋ ಮೈ ಸುತ್ತಿ ಮೇಲೇರುತ್ತದೆ. ತಲೆ ಹೋಯಿತೆಂದರೆ ಮೈಯೂ ಹೋದಂತೆಯೇ. ಇದು ಗಾಬರಿಯಿಂದ ಮಾಡುವ ಕೆಲಸವಲ್ಲ. ನೀರಿನಿಂದ ಆಚೆ ಬಂದು, ತಲೆಯನ್ನು ಕೆಳಕ್ಕೆ ಬಾಗಿಸಿ ನೆಲದ ಮೇಲಿನ ಬೇಟೆಯನ್ನು ಹಿಡಿಯುವುದು ಇದಕ್ಕೆ ಸಾಧ್ಯ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಹೊರಗೆ ಹೋಗುವುದು ಅದರ ಸ್ವಭಾವ. ಹಾಗಾಗಿ ನೀರು ಚೆನ್ನಾಗಿದ್ದರೆ ತಪ್ಪಿಸಿಕೊಳ್ಳುವುದಿಲ್ಲ ಎಂಬ ಮಾತನ್ನು ನಂಬಬೇಡಿ. ನೀರು ಕೆಟ್ಟಾಗ ಹೆಚ್ಚು ಪ್ರಯತ್ನಿಸುತ್ತದೆ ಎನ್ನುವುದು ನಿಜ, ಚೆನ್ನಾಗಿದ್ದಾಗಲೂ ಪ್ರಯತ್ನಿಸುತ್ತದೆ.

ಎಲ್ಲಕ್ಕಿಂತ ಒಳ್ಳೆಯದು 5 ಮಿ.ಮೀ. ಗಾಜನ್ನು ಅಳತೆಗೆ ಕತ್ತರಿಸಿದ ಎರಡು ಹೋಳು. ಹಿಂದಿನದು ಕದಲದಂತೆ ಕೂರಬೇಕು, ಮುಂದಿನದು ಆಹಾರ ಹಾಕಲು ತೆಗೆಯುವಂತಿರಬೇಕು. ಎರಡೂ ಟ್ಯಾಂಕಿನ ಅಂಚಿನ ಒಳಪಟ್ಟಿಯ ಮೇಲೆ ಕೂತು, ನಡುವಿನ ಜೋಡಣೆಯಲ್ಲಿ ಒಂದು ಇನ್ನೊಂದರ ಮೇಲೆ 2 ಸೆಂ.ಮೀ. ಹಾದಿರಲಿ. ತೆಳು ಅಕ್ರಿಲಿಕ್ ಹಾಳೆ ಕತ್ತರಿಸಲು ಸುಲಭವೆಂದು ಹಲವರು ಅದನ್ನೇ ಹಾಕುತ್ತಾರೆ. ಕೆಳಗಿನ ತೇವಕ್ಕೆ ಕೆಲವೇ ವಾರಗಳಲ್ಲಿ ಅದು ಬಿಲ್ಲಿನಂತೆ ಬಾಗಿ, ಮೂಲೆ ಎದ್ದು ನಿಲ್ಲುತ್ತದೆ. ಹಾಕಿದ ದಿನ ಇಲ್ಲದ ಸಂದಿ ಆಗ ಹುಟ್ಟುತ್ತದೆ. ಗಾಜು ಬೇಡವೆಂದರೆ ಒಳಗೆ ಟೊಳ್ಳಿರುವ ಎರಡು ಪದರದ ಪಾಲಿಕಾರ್ಬೊನೇಟ್ ಹಾಳೆ ವಾಸಿ, ಅದು ಅಷ್ಟು ಬಾಗುವುದಿಲ್ಲ.

ಪೈಪು ಮತ್ತು ವೈರುಗಳು ಹೊರಬರಲು ಹಿಂದಿನ ಗಾಜಿನ ಒಂದು ಮೂಲೆಯನ್ನು ಮಾತ್ರ ಕತ್ತರಿಸಿ, ಎಲ್ಲವನ್ನೂ ಅಲ್ಲಿಂದಲೇ ತನ್ನಿ. ನಾಲ್ಕು ಕಡೆ ನಾಲ್ಕು ತೂತು ಮಾಡಿದರೆ ಕಾಯಬೇಕಾದ ಬಾಗಿಲೂ ನಾಲ್ಕಾಗುತ್ತದೆ. ಆ ಮೂಲೆಗೆ ಒರಟು ಫಿಲ್ಟರ್ ಸ್ಪಾಂಜನ್ನು ತೂತಿಗಿಂತ 1 ಸೆಂ.ಮೀ. ದೊಡ್ಡದಾಗಿ ಕತ್ತರಿಸಿ, ವೈರಿನ ಜಾಗಕ್ಕೆ ಬ್ಲೇಡಿನಿಂದ ಸೀಳಿ, ಬಿಗಿಯಾಗಿ ತುಂಬಿ. ಬರೀ ಸ್ಪಾಂಜನ್ನು ಮೀನು ಕೆಳಗಿನಿಂದ ತಳ್ಳಿ ಎಬ್ಬಿಸುತ್ತದೆ. ಅದರ ಮೇಲೊಂದು ಗಟ್ಟಿ ಪ್ಲಾಸ್ಟಿಕ್ ಜಾಲರಿ ಇಟ್ಟು, ಪೈಪಿಗೆ ಕೇಬಲ್ ಟೈ ಹಾಕಿ ಕಟ್ಟಿ. ಗಾಳಿಯಾಡುವುದಕ್ಕೆ ಈ ಜಾಲರಿಯ ಮೂಲೆಯೇ ಸಾಕಾಗುತ್ತದೆ. ಮುಚ್ಚಳದಡಿಯ ಗಾಳಿ ಬೆಚ್ಚಗೆ, ತೇವವಾಗಿ ಇರುವುದು ಒಳ್ಳೆಯದು, ಆ ಗಾಳಿಯನ್ನೇ ಅದು ಶ್ವಾಸಕೋಶಕ್ಕೆ ಎಳೆದುಕೊಳ್ಳುವುದು. ಮುಂದಿನ ಗಾಜಿಗೆ ಎರಡು ಕ್ಲಿಪ್ ಹಾಕಿ, ಇಲ್ಲವೇ ಒಂದು ಕೆ.ಜಿ. ತೂಕ ಇಡಿ. ಮೂರು ಮೀನು ಒಟ್ಟಿಗೆ ಮೂತಿ ಕೊಟ್ಟರೆ ಹಗುರ ಮುಚ್ಚಳ ಏಳುತ್ತದೆ.

ಪರೀಕ್ಷೆ ಸುಲಭ. ಕಿರುಬೆರಳು ತೂರುವ ಕಡೆ ದೊಡ್ಡ ರೋಪ್‌ಫಿಶ್ ತೂರುತ್ತದೆ, ಪೆನ್ಸಿಲ್ ತೂರುವ ಕಡೆ ಮರಿ ತೂರುತ್ತದೆ. ಅಂಚಿನುದ್ದಕ್ಕೂ ಒಂದು ಪೆನ್ಸಿಲ್ ಹಿಡಿದು ಒಂದು ಸುತ್ತು ತಡಕಿ ನೋಡಿ. ಹೊಸ ಮೀನು ಬಿಟ್ಟ ಮೊದಲ ವಾರ ಮತ್ತು ಪ್ರತಿ ಸಲ ನೀರು ಬದಲಿಸಿದ ರಾತ್ರಿ ಅಪಾಯ ಹೆಚ್ಚು. ನೀರು ಬದಲಿಸಿ, ಸ್ಪಾಂಜನ್ನು ವಾಪಸ್ ತುಂಬಲು ಮರೆತ ದಿನವೇ ಬಹಳ ಮೀನುಗಳು ಹೋಗಿರುವುದು.

ಅಷ್ಟಾದರೂ ಹೊರಬಿದ್ದರೆ, ಮೊದಲು ಗೋಡೆಯ ಬುಡ, ಸ್ಟ್ಯಾಂಡಿನ ಹಿಂಬದಿ, ಕಪಾಟಿನ ಅಡಿ ಹುಡುಕಿ. ಅದು ಕತ್ತಲೆ, ತೇವ ಇರುವ ಕಡೆಗೆ ತೆವಳುತ್ತದೆ. ಧೂಳು ಮೆತ್ತಿ, ಮೈ ಸುಕ್ಕುಗಟ್ಟಿ, ಅಲುಗಾಡದೆ ಬಿದ್ದಿದ್ದರೂ ಸತ್ತಿದೆ ಎಂದು ತೀರ್ಮಾನಿಸಿ ಎಸೆಯಬೇಡಿ. ಚರ್ಮ ಒದ್ದೆಯಾಗಿರುವ ತನಕ ಇದು ಗಂಟೆಗಟ್ಟಲೆ ಬದುಕಬಲ್ಲದು. ಒಣ ಕೈಯಲ್ಲಿ ಮುಟ್ಟದೆ ಒದ್ದೆ ಬಟ್ಟೆಯಲ್ಲಿ ಎತ್ತಿ, ಮುಚ್ಚಳವಿರುವ ಡಬ್ಬಿಯೊಂದರಲ್ಲಿ ಅದೇ ಟ್ಯಾಂಕಿನ ನೀರನ್ನು 8 ಸೆಂ.ಮೀ. ಮಾತ್ರ ಹಾಕಿ ಅದರಲ್ಲಿ ಬಿಡಿ. ಆಳದ ನೀರಿಗೆ ನೇರ ಬಿಟ್ಟರೆ ನಿತ್ರಾಣಗೊಂಡ ಮೀನಿಗೆ ಮೇಲೇರಿ ಉಸಿರಾಡಲು ಆಗುವುದಿಲ್ಲ. ಧೂಳನ್ನು ಉಜ್ಜಬೇಡಿ, ನೆನೆದು ತಾನೇ ಬಿಡುತ್ತದೆ. ತಾನಾಗಿ ತಲೆಯೆತ್ತಿ ಗಾಳಿ ತೆಗೆದುಕೊಳ್ಳತೊಡಗಿದ ಮೇಲೆ ಟ್ಯಾಂಕಿಗೆ ಸೇರಿಸಿ, ಒಂದು ವಾರ ಚರ್ಮದ ಮೇಲೆ ಕೆಂಪು ಕಲೆಯೋ ಬಿಳಿ ಹತ್ತಿಯಂಥ ಬೂಷ್ಟೋ ಬರುತ್ತದೆಯೇ ಎಂದು ಗಮನಿಸಿ.

ಫಿಲ್ಟರ್, ಹೀಟರ್, ನೀರು

200 ಲೀಟರಿಗೆ ಗಂಟೆಗೆ 800ರಿಂದ 1000 ಲೀಟರ್ ಹರಿಸುವ, ಟ್ಯಾಂಕಿನ ಹೊರಗಿಡುವ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್ ಸರಿ. ಒಳಹೀರುವ ಪೈಪಿನ ಬಾಯಿಗೆ ಸ್ಪಾಂಜ್ ತೊಡಿಸಲೇಬೇಕು. ಮರಿ ಮೀನು ಜಾಲರಿಯ ಎಡೆಯಲ್ಲೇ ನುಸುಳುತ್ತದೆ. ಟ್ಯಾಂಕಿನ ಅಂಚಿಗೆ ನೇತುಹಾಕುವ ಹ್ಯಾಂಗ್‌ಆನ್ ಫಿಲ್ಟರ್ ಬೇಡ, ಅದರಿಂದ ನೀರು ಸುರಿಯುವ ಬಾಯಿಯೇ ಮೀನಿಗೆ ಏಣಿಯಾಗುತ್ತದೆ. ನೀರು ಮರಳುವ ಪೈಪನ್ನು ಗೋಡೆಯ ಕಡೆ ತಿರುಗಿಸಿ ಹರಿವು ತಗ್ಗಿಸಿ. ಹೀಟರ್ 200 ವಾಟ್, 26 ಡಿಗ್ರಿಗೆ ಇಡಿ. 24ರಿಂದ 28ರ ನಡುವೆ ಇದ್ದರೆ ಸಾಕು. ಹೀಟರಿಗೆ ಪ್ಲಾಸ್ಟಿಕ್ ಪಂಜರ ಹಾಕದಿದ್ದರೆ ಮೀನು ಅದಕ್ಕೆ ಸುತ್ತಿಕೊಂಡು ಮಲಗುತ್ತದೆ, ಹೀಟರ್ ಕಾದಾಗ ಮೈ ಸುಟ್ಟುಕೊಂಡು ಅಡ್ಡಪಟ್ಟಿಯಂಥ ಗಾಯವಾಗುತ್ತದೆ.

ಪಿಎಚ್ 6.5ರಿಂದ 7.5, ನೀರಿನ ಗಡಸಿನ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಗಾಳಿ ಉಸಿರಾಡುವ ಮೀನು, ಎಂಥ ನೀರಾದರೂ ನಡೆಯುತ್ತದೆ ಎಂದು ಅಂಗಡಿಯವರು ಹೇಳುವುದುಂಟು. ಅದು ತಪ್ಪು. ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಶ್ವಾಸಕೋಶ ಕೈಹಿಡಿಯುತ್ತದೆ, ಅಮೋನಿಯ ಹೆಚ್ಚಾದರೆ ಶ್ವಾಸಕೋಶಕ್ಕೆ ಮಾಡುವಂಥದ್ದು ಏನೂ ಇಲ್ಲ. ಆ 32 ಭಾಗವನ್ನು ಕೊಡುವ ಚರ್ಮವೂ ಹಾಳಾಗುತ್ತದೆ. ಅಮೋನಿಯ, ನೈಟ್ರೈಟ್ ಸೊನ್ನೆ ಇರಬೇಕು, ನೈಟ್ರೇಟ್ 40 ಪಿಪಿಎಂ (ಲೀಟರಿಗೆ 40 ಮಿ.ಗ್ರಾಂ.) ದಾಟಬಾರದು. ಮಾಂಸ ತಿನ್ನುವ ಮೀನಾದ್ದರಿಂದ ವಾರಕ್ಕೆ ನೂರಕ್ಕೆ 30 ಭಾಗ ನೀರು ಬದಲಿಸುವುದು ತಪ್ಪಿಸಬಾರದು. ಹೊಸ ನೀರು ಕ್ಲೋರಿನ್ ತೆಗೆದದ್ದಾಗಿರಲಿ, ಹಳೆಯ ನೀರಿನ ಉಷ್ಣತೆಗೆ ಹತ್ತಿರವಿರಲಿ.

ಊಟ

ಇಲ್ಲಿ ತಾಳ್ಮೆ ಬೇಕು. ಇದರ ಕಣ್ಣು ಮಂದ, ಮೂಗು ಚುರುಕು. ಆಹಾರ ಮೂತಿಯಿಂದ ಎರಡು ಸೆಂ.ಮೀ. ದೂರದಲ್ಲಿ ಬಿದ್ದಿದ್ದರೂ ಕಾಣದೆ, ವಾಸನೆಯ ಜಾಡು ಹಿಡಿದು ಆ ಕಡೆ ಈ ಕಡೆ ತಡಕಿ, ಒಂದೆರಡು ಸಲ ದಾಟಿಹೋಗಿ, ವಾಪಸ್ ಬಂದು ಹಿಡಿಯುತ್ತದೆ. ಅಷ್ಟರಲ್ಲಿ ಜೊತೆಗಿರುವ ಚುರುಕು ಮೀನುಗಳು ಎಲ್ಲವನ್ನೂ ಮುಗಿಸಿರುತ್ತವೆ. ಟ್ಯಾಂಕಿನೊಳಗೆ ರೋಪ್‌ಫಿಶ್ ಸೊರಗುವುದಕ್ಕೆ ಮುಖ್ಯ ಕಾರಣ ಇದೇ. ಮೇಲಿಂದ ಉದುರಿಸಿದ್ದು ಅದಕ್ಕೆ ಸಿಕ್ಕಿರುವುದಿಲ್ಲ.

ದೀಪ ಆರಿಸಿ ಅರ್ಧ ಗಂಟೆ ಬಿಟ್ಟು ಮೊದಲು ಬೇರೆ ಮೀನುಗಳಿಗೆ ಟ್ಯಾಂಕಿನ ಇನ್ನೊಂದು ತುದಿಯಲ್ಲಿ ಆಹಾರ ಹಾಕಿ. ಆಮೇಲೆ ಮೊಂಡು ತುದಿಯ 30 ಸೆಂ.ಮೀ. ಇಕ್ಕಳದಲ್ಲಿ ತುಂಡೊಂದನ್ನು ಹಿಡಿದು ಪೈಪಿನ ಬಾಯಿಯ ಬಳಿ ಆಡಿಸದೆ ನಿಲ್ಲಿಸಿ. ಮೂತಿ ತಾಗಿಸಿ, ಕಚ್ಚಿ, ಎಳೆದ ಮೇಲೆ ಬಿಡಿ. ತುಂಡು ದೊಡ್ಡದಾದರೆ ಬಾಯಲ್ಲಿ ಹಿಡಿದು ಇಡೀ ಮೈಯನ್ನೇ ಗಿರ್ರನೆ ಉರುಳಿಸಿ ಹರಿಯುತ್ತದೆ. ಒಂದೇ ತುಂಡನ್ನು ಎರಡು ಮೀನು ಹಿಡಿದರೆ ಎರಡೂ ಉರುಳುತ್ತವೆ. ಜಗಳವೆಂದು ಬಿಡಿಸಲು ಹೋಗಬೇಡಿ.

ಎಲ್ಲಕ್ಕಿಂತ ಒಳ್ಳೆಯ ಆಹಾರ ಎರೆಹುಳು. ಔಷಧಿ, ರಾಸಾಯನಿಕ ಗೊಬ್ಬರ ತಾಗದ ಮಣ್ಣಿನದಾಗಿರಬೇಕು, ಒಂದು ದಿನ ಒದ್ದೆ ಕಾಗದದಲ್ಲಿಟ್ಟು ಹೊಟ್ಟೆಯ ಮಣ್ಣು ಖಾಲಿಯಾಗಲು ಬಿಡಿ, ತೊಳೆದು 4 ಸೆಂ.ಮೀ. ತುಂಡು ಮಾಡಿ. ಸಿಪ್ಪೆ ಸುಲಿದ ಸಿಗಡಿ, ಮೀನಿನ ಪಟ್ಟಿ, ಮುಳುಗುವ ಮಾಂಸಾಹಾರಿ ಪೆಲೆಟ್ ಸರದಿಯಲ್ಲಿ ಕೊಡಿ. ಹೊಸದಾಗಿ ಬಂದ ಮೀನು ಏನನ್ನೂ ಮುಟ್ಟದಿದ್ದರೆ ಫ್ರೋಜನ್ ಬ್ಲಡ್‌ವರ್ಮ್ ಎಂಬ ಸಣ್ಣ ಕೆಂಪು ಹುಳುಗಳಿಂದ ಆರಂಭಿಸಿ. ಕರಗಿಸಿ ಕೆಂಪು ನೀರನ್ನು ಚೆಲ್ಲಿ, ಹುಳುಗಳನ್ನಷ್ಟೇ ಉದ್ದ ಪಿಪೆಟ್‌ನಲ್ಲಿ ಮೂತಿಯ ಮುಂದೆ ಬಿಡಿ. ಬರೀ ಸಿಗಡಿಯನ್ನೇ ತಿಂಗಳುಗಟ್ಟಲೆ ಹಾಕಬೇಡಿ. ಹಲವು ಜಾತಿಯ ಸಿಗಡಿಗಳಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದ್ದು ಬಿ1 ಜೀವಸತ್ವವನ್ನು ಒಡೆದುಹಾಕುತ್ತದೆ. ಜೀವಂತ ಗೋಲ್ಡ್‌ಫಿಶ್ ಹಾಕುವುದು ಇನ್ನೂ ಕೆಟ್ಟದ್ದು, ಅದೇ ಕಿಣ್ವದ ಜೊತೆಗೆ ಪರೋಪಜೀವಿಗಳೂ ಬರುತ್ತವೆ.

15 ಸೆಂ.ಮೀ. ಮರಿಗೆ ದಿನಾ ಸ್ವಲ್ಪ. ಬೆಳೆದ ಮೀನಿಗೆ ವಾರಕ್ಕೆ ಮೂರು ಸಲ, ಪ್ರತಿ ಸಲ ಮೂರು ನಾಲ್ಕು ತುಂಡು, ಹೊಟ್ಟೆ ತುಸು ಉಬ್ಬುವಷ್ಟು. ತಿನ್ನದೆ ಉಳಿದದ್ದನ್ನು ಒಂದೆರಡು ಗಂಟೆಯೊಳಗೆ ತೆಗೆದುಬಿಡಿ.

ಜೊತೆಗೆ ಯಾವ ಮೀನು ಎಂದರೆ, ಅದರ ಬಾಯಿಗೆ ಹಿಡಿಸದ, ಕೆಣಕದ ಮೀನು. ನಿಯಾನ್ ಟೆಟ್ರಾ, ಗಪ್ಪಿ, ಸಣ್ಣ ಸೀಗಡಿಗಳು ರಾತ್ರಿಯಲ್ಲಿ ಒಂದೊಂದಾಗಿ ಮಾಯವಾಗುತ್ತವೆ. ಬೆಳೆದ ಕಾಂಗೋ ಟೆಟ್ರಾ ಚೆನ್ನಾಗಿ ಹೊಂದುತ್ತದೆ. ಟೈಗರ್ ಬಾರ್ಬ್, ಮುಂಗೋಪಿ ಸಿಕ್ಲಿಡ್‌ಗಳು ಬೇಡ. ಗಾಜಿನ ಪಾಚಿ ಕೆರೆದು ತಿನ್ನುವ ಪ್ಲೆಕೊ ಕೂಡ ಬೇಡ, ಮಲಗಿದ ಮೀನಿನ ಮೈಗೆ ಅಂಟಿಕೊಂಡು ಲೋಳೆ ಕೆರೆದು ತಿನ್ನುವ ಚಟ ಅದಕ್ಕೆ ಹತ್ತುವುದುಂಟು.

ಕೊಳ್ಳುವಾಗ

ಮಾರಾಟಕ್ಕೆ ಬರುವವು ಹೆಚ್ಚಾಗಿ ಕಾಡಿನ ನದಿಗಳಿಂದ ಹಿಡಿದವು. ಸಾಕಿದಲ್ಲಿ ಮರಿ ಮಾಡಿಸುವುದು ಅಪರೂಪ. ಅಳಿವಿನ ಅಪಾಯದಲ್ಲಿರುವ ಜೀವಿಗಳನ್ನು ಗುರುತಿಸುವ ಐಯುಸಿಎನ್ ಸಂಸ್ಥೆಯ ಪಟ್ಟಿ ಇದನ್ನು ಅಪಾಯದ ಅಂಚಿಗೆ ಹತ್ತಿರವಿರುವ ಜಾತಿ ಎಂದು ಗುರುತಿಸಿದೆ. ಒಂದು ಮೀನನ್ನು ನಿರ್ಲಕ್ಷ್ಯದಿಂದ ಕಳೆದು ಇನ್ನೊಂದು ತರುವ ಅಭ್ಯಾಸ ಇದರ ವಿಷಯದಲ್ಲಿ ಖಂಡಿತ ಸಲ್ಲದು.

ಅಂಗಡಿಯಲ್ಲಿ ಹತ್ತು ನಿಮಿಷ ನಿಂತು ನೋಡಿ. ಹೊಟ್ಟೆಯ ಕೆಳಭಾಗ ಕೆನೆ ಅಥವಾ ಹಳದಿ ಬಣ್ಣದ್ದಾಗಿರಬೇಕು, ಕೆಂಪು ಕಲೆ ಇರಬಾರದು. ತಲೆಯ ಹಿಂದೆ ಮೈ ಗುಳಿಬಿದ್ದು ತಲೆಯೇ ದಪ್ಪವಾಗಿ ಕಂಡರೆ ಅದು ಬಹಳ ದಿನ ಉಪವಾಸವಿದ್ದ ಮೀನು. ನಿಮ್ಮೆದುರೇ ಒಂದು ತುಂಡು ತಿನ್ನಿಸಿ ತೋರಿಸಲು ಕೇಳಿ. ಪದೇ ಪದೇ ಮೇಲೆ ಬಂದು ಗಾಳಿ ಕುಡಿಯುತ್ತಿದ್ದರೆ, ಮೈಯನ್ನು ಮರಕ್ಕೋ ಮರಳಿಗೋ ಉಜ್ಜುತ್ತಿದ್ದರೆ, ಬೆಳಕಿಗೆ ಅಡ್ಡವಾಗಿ ನೋಡಿದಾಗ ಚರ್ಮದ ಮೇಲೆ ಬಿಳಿ ಎಳೆಯ ಚೂರುಗಳಂಥವು ಅಲ್ಲಾಡುತ್ತಿದ್ದರೆ, ಅದು ಬಿಚಿರ್ ಕುಟುಂಬಕ್ಕೆ ಅಂಟುವ ಮ್ಯಾಕ್ರೊಗೈರೊಡ್ಯಾಕ್ಟೈಲಸ್ ಎಂಬ ಚರ್ಮದ ಹುಳು ಇರಬಹುದು. ಚೀಲದಲ್ಲಿ ತರುವಾಗ ನೀರಿಗಿಂತ ಗಾಳಿಯ ಜಾಗ ಹೆಚ್ಚಿರಲಿ, ಚೀಲವನ್ನು ಅಡ್ಡ ಮಲಗಿಸಿ ತನ್ನಿ.

ತಂದ ಮೀನನ್ನು ನಾಲ್ಕು ವಾರ ಬೇರೆ ಟ್ಯಾಂಕಿನಲ್ಲಿ ಇಡಬೇಕು, ಅದಕ್ಕೂ ಇಂಥದ್ದೇ ಮುಚ್ಚಳ ಬೇಕು. ಹುಳು ಕಂಡರೆ ಪ್ರಾಜಿಕ್ವಾಂಟೆಲ್ ಎಂಬ ಹುಳುನಾಶಕ ಔಷಧಿ ಲೀಟರಿಗೆ 2.5 ಮಿ.ಗ್ರಾಂ., ಅಂದರೆ 200 ಲೀಟರಿಗೆ 500 ಮಿ.ಗ್ರಾಂ. ಈ ಪುಡಿ ನೀರಿನಲ್ಲಿ ಸುಲಭವಾಗಿ ಕರಗದೆ ಮೇಲೆಯೇ ತೇಲುತ್ತದೆ. ಮೊದಲು ಚೂರು ಎಥನಾಲ್‌ನಲ್ಲಿ ಕದಡಿ, ಆಮೇಲೆ ಒಂದು ಮಗ್ಗು ನೀರಿಗೆ ಬೆರೆಸಿ ಟ್ಯಾಂಕಿಗೆ ಹಾಕಿ. ಫಿಲ್ಟರಿನ ಇದ್ದಿಲು ತೆಗೆದಿರಬೇಕು, ಏರ್‌ಸ್ಟೋನ್ ಓಡುತ್ತಿರಬೇಕು. ಒಂದು ವಾರ ಬಿಟ್ಟು, ನೀರು ಬದಲಿಸಿ, ಇನ್ನೊಮ್ಮೆ ಹಾಕಿ. ತಾಮ್ರ ಇರುವ ಔಷಧಿ, ಫಾರ್ಮಲಿನ್, ಮಲಕೈಟ್ ಗ್ರೀನ್ ಇವುಗಳಿಂದ ದೂರವಿರಿ. ಮೈಮೇಲಿನ ಗಟ್ಟಿ ಹುರುಪೆ ನೋಡಿ ಔಷಧಿ ತಡೆದುಕೊಳ್ಳುತ್ತದೆ ಎನಿಸುತ್ತದೆ, ಆದರೆ ಚರ್ಮದಿಂದಲೇ ಉಸಿರಾಡುವ ಮೀನಿಗೆ ಇವು ಬಹಳ ಬೇಗ ತಾಗುತ್ತವೆ.

ಗಂಡು ಹೆಣ್ಣು ಗುರುತಿಸಬೇಕೆಂದರೆ ಬಾಲದ ಹತ್ತಿರ ಕೆಳಗಿರುವ ರೆಕ್ಕೆ ನೋಡಿ. ಗಂಡಿನದು ಅಗಲ, ದಪ್ಪ, ಹೆಣ್ಣಿನದು ಕಿರಿದು. ಮರಿಗಳಲ್ಲಿ ಇದು ತಿಳಿಯುವುದಿಲ್ಲ, 25 ಸೆಂ.ಮೀ. ದಾಟಿದ ಮೇಲೆ ಗಾಜಿಗೆ ಒರಗಿ ಮೇಲೇರುವಾಗ ಕಾಣುತ್ತದೆ.

ಸಣ್ಣ ಮೀನುಗಳ ಹಿಂಡು ಈಗಾಗಲೇ ಇರುವ ಟ್ಯಾಂಕಿಗೆ, ಮೇಲ್ಭಾಗ ತೆರೆದಿರುವ ಗಿಡಗಳ ಟ್ಯಾಂಕಿಗೆ, ಹಗಲಿಡೀ ಓಡಾಡುವ ಮೀನು ಬೇಕೆನ್ನುವವರಿಗೆ ಇದು ಬೇಡ. ಸಂಜೆ ದೀಪ ಆರಿದ ಮೇಲೆ ಟ್ಯಾಂಕಿನ ಮುಂದೆ ಕೂರಲು ಇಷ್ಟವಿರುವವರು, ಹತ್ತು ವರ್ಷಕ್ಕೂ ಹೆಚ್ಚು ಕಾಲ ಇದರ ಜವಾಬ್ದಾರಿ ಹೊರುವ ಮನಸ್ಸಿರುವವರು ತರಬಹುದು. ಟ್ಯಾಂಕ್ ತುಂಬಿಸಿ, ಮುಚ್ಚಳ ಹಾಕಿ, ಫಿಲ್ಟರ್ ಓಡಿಸಿ ಐದಾರು ವಾರ ಬಿಡಿ. ಅಷ್ಟರಲ್ಲಿ ಮುಚ್ಚಳ ಬಾಗುವುದಿದ್ದರೆ ಬಾಗಿರುತ್ತದೆ, ಸ್ಪಾಂಜ್ ಸಡಿಲವಾಗುವುದಿದ್ದರೆ ಆಗಿರುತ್ತದೆ. ಪೆನ್ಸಿಲ್ ಹಿಡಿದು ಇನ್ನೊಂದು ಸುತ್ತು ತಡಕಿ, ಎಲ್ಲೂ ತೂರದಿದ್ದರೆ ಅಂಗಡಿಗೆ ಹೋಗಿ.